ಘಟ್ಟ ಇಳಿಯುವ ಮುನ್ನ ಲೆಕ್ಕ ಬರೆದಿಡೋಣ

(ಬ್ಯಾಡಗಿ ತಾಲೂಕಿನ ಕದರಮಂಡಲಗಿಯಲ್ಲಿ ನಡೆದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಡಲಿನ ಗಾಳಿಯೂ ಸುಳಿಯದ ಈ ಊರಿನಲ್ಲಿ ಮೀನುಗಾರಿಕೆಯ ಕುರಿತು ಭಾಷಣವೇ ಎಂದು ಕೆಲವರು ಹುಬ್ಬೇರಿಸಿರಬಹುದು. ಕದರಮಂಡಲಗಿಯೆಂದರೆ ನಾಡಿನ ಜನರಿಗೆ ಕಾಂತೇಶನ ದೇವಸ್ಥಾನ ನೆನಪಾಗುತ್ತದೆ, ಬ್ಯಾಡಗಿಯೆಂದರೆ ಕೆಂಪು ಮೆಣಸಿನಕಾಯಿ. ಮೀನಿಗೂ ನಮಗೂ ಏನು ನಂಟು? ಒಂದು ನಂಟು ಅಡುಗೆಮನೆಯದು. ಮಂಗಳೂರಿನ ಮನೆಗಳಲ್ಲಿ ಭೂತಾಯಿ ಮೀನಿನ ಪುಳಿಮುಂಚಿಗೆ ಬಣ್ಣ ಕೊಡುವುದು ಬ್ಯಾಡಗಿಯ ಮೆಣಸು. ಇನ್ನೊಂದು ನಂಟು ದುಡಿಮೆಯದು. ಅದರ ಕುರಿತು ಮಾತನಾಡುವವರು ಕಡಿಮೆ. ಮಲ್ಪೆಯ ಬಂದರಿನಲ್ಲಾಗಲಿ ಮಂಗಳೂರಿನ ದಕ್ಕೆಯಲ್ಲಾಗಲಿ ದೋಣಿಗಳು ಮೀನು ಇಳಿಸುವ ನಸುಕಿನ ಹೊತ್ತಿಗೆ ಹೋಗಿ ನಿಂತರೆ ತುಳು, ಬ್ಯಾರಿ, ಮಲಯಾಳಂ, ಒಡಿಯಾ ಮಾತುಗಳ ನಡುವೆ ನಮ್ಮ ಬಯಲುಸೀಮೆಯ ಕನ್ನಡವೂ ಕಿವಿಗೆ ಬೀಳುತ್ತದೆ. ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಹೋದವರು ಅಲ್ಲಿ ಮೀನಿನ ಬುಟ್ಟಿ ಹೊರುತ್ತಾರೆ, ಮಂಜುಗಡ್ಡೆ ತುಂಬುತ್ತಾರೆ, ಲಾರಿಗೆ ಮಾಲು ಏರಿಸುತ್ತಾರೆ, ಕೆಲವರು ದೋಣಿಯಲ್ಲೇ ಹೋಗಿ ಬಲೆ ಎಳೆಯುತ್ತಾರೆ. ಹೆಂಗಸರು ಮೀನು ವಿಂಗಡಿಸುತ್ತಾರೆ, ಸಿಗಡಿ ಸುಲಿಯುತ್ತಾರೆ. ಕರಾವಳಿಯವರು ಇವರನ್ನೆಲ್ಲ ಒಟ್ಟಾಗಿ ‘ಘಟ್ಟದವರು’ ಎನ್ನುತ್ತಾರೆ. ಹೆಸರಿಲ್ಲ, ಊರಿಲ್ಲ, ಘಟ್ಟದವರು, ಅಷ್ಟೇ.

ಮಳೆಗಾಲದ ರಜೆಗೆ ಊರಿಗೆ ಮರಳಿದ ಅಂಥ ಕೆಲವರು ಈ ಸಭೆಯಲ್ಲೂ ಕುಳಿತಿದ್ದಾರೆ. ಅವರು ಬಲ್ಲದ್ದನ್ನು ಅವರಿಗೇ ಹೇಳಲು ನಾವು ಬಂದಿಲ್ಲ. ಅವರು ಮತ್ತೆ ಹೊರಡುವ ಮುನ್ನ ಮನೆಯಲ್ಲಿ ಉಳಿಯುವವರು, ಮಸ್ಜಿದ್ ಕಮಿಟಿಯವರು, ಓದುಬರಹ ಬಲ್ಲ ಯುವಕರು ಮಾಡಬೇಕಾದ ಒಂದು ಕೆಲಸವಿದೆ. ಅದನ್ನು ಹೇಳಲು ಬಂದಿದ್ದೇವೆ. ಆದರೆ ಆ ಕೆಲಸದ ಅಗತ್ಯ ತಿಳಿಯಬೇಕಾದರೆ ಮೊದಲು ಮೀನಿನ ಸ್ವಭಾವ ತಿಳಿಯಬೇಕು.

ಭೂತಾಯಿ ಎಂಬುದು ಗೇಣುದ್ದದ, ಎಣ್ಣೆಯ ಅಂಶ ತುಂಬಿದ, ಬೆಳ್ಳಿಯ ಹೊಳಪಿನ ಮೀನು. ಕಾರವಾರದ ಕಡೆ ಇದಕ್ಕೆ ತಾರ್ಲೆ ಎನ್ನುತ್ತಾರೆ, ಕೇರಳದಲ್ಲಿ ಮತ್ತಿ. ಯುರೋಪಿನ ಬಡವರ ಹೊಟ್ಟೆ ತುಂಬಿಸಿದ ಹೆರಿಂಗ್ ಮೀನಿನ ಹತ್ತಿರದ ಸಂಬಂಧಿ ಇದು. ಹೆರಿಂಗಿನಂತೆಯೇ ಹಿಂಡು ಹಿಂಡಾಗಿ ಬರುತ್ತದೆ. ಬಂದರೆ ದೋಣಿ ತುಂಬಿ ತುಳುಕುವಷ್ಟು, ಬಾರದಿದ್ದರೆ ಇಲ್ಲವೇ ಇಲ್ಲ. ಮುಂಗಾರಿನ ಗಾಳಿಗೆ ಕಡಲಿನ ತಳದ ತಣ್ಣನೆಯ ಸತ್ವಭರಿತ ನೀರು ಮೇಲಕ್ಕೆ ಬರುತ್ತದೆ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ಬೆಳೆಯುತ್ತವೆ. ಅವೇ ಭೂತಾಯಿಯ ಆಹಾರ. ಮಳೆಗಾಳಿಯ ಲೆಕ್ಕ ತಪ್ಪಿದರೆ, ಕಡಲು ಬಿಸಿಯಾದರೆ, ಅಥವಾ ಮನುಷ್ಯರು ಮರಿಮೀನನ್ನೇ ಬಾಚಿ ತೆಗೆದರೆ ಹಿಂಡು ಕಾಣೆಯಾಗುತ್ತದೆ. ಇದು ಇಂದಿನ ಸಂಗತಿಯಲ್ಲ. 1940ರ ದಶಕದಲ್ಲಿ ಮೀನು ಕುಸಿದಾಗ, 1943ರಲ್ಲಿ ಅಂದಿನ ಮದರಾಸು ಸರ್ಕಾರವು ಸಣ್ಣ ಭೂತಾಯಿ ಹಿಡಿಯುವುದರ ಮೇಲೆ ನಿರ್ಬಂಧ ಹೇರಿತ್ತು. ಕೆಲವೇ ವರ್ಷಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು ಕೂಡ. ನಮ್ಮ ಕಾಲದ ಲೆಕ್ಕವಂತೂ ಬೆಚ್ಚಿಬೀಳಿಸುವಂಥದು. 2012ರಲ್ಲಿ ದೇಶದಲ್ಲಿ ಹಿಡಿದ ಭೂತಾಯಿ ಸುಮಾರು 7.2 ಲಕ್ಷ ಟನ್. ಅದರಲ್ಲಿ ಕೇರಳವೊಂದರದ್ದೇ 4 ಲಕ್ಷ ಟನ್ನಿನ ಆಸುಪಾಸು. ಅದೇ ಕೇರಳದಲ್ಲಿ 2021ರಲ್ಲಿ ಸಿಕ್ಕಿದ್ದು 3,297 ಟನ್. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಅಂಕಿಗಳಿವು. ನೂರರಲ್ಲಿ ಒಂದು ಪಾಲೂ ಉಳಿಯಲಿಲ್ಲ! ಆ ಬಳಿಕ ಮೀನು ಮರಳಿತು ನಿಜ. ಮತ್ತೆ ಯಾವಾಗ ಹೋಗುತ್ತದೆಂದು ಮಾತ್ರ ಯಾವ ತಾಂಡೇಲನೂ ಹೇಳಲಾರ.

ಹಿಡಿದ ಭೂತಾಯಿಯೆಲ್ಲ ಮನುಷ್ಯರ ತಟ್ಟೆಗೆ ಹೋಗುತ್ತದೆಂದು ಭಾವಿಸಬೇಡಿ. ಅದರ ದೊಡ್ಡ ಪಾಲು ಮಂಗಳೂರು, ಉಡುಪಿ ಕಡೆಯ ಕಾರ್ಖಾನೆಗಳಲ್ಲಿ ಮೀನಿನ ಹುಡಿಯಾಗಿ, ಎಣ್ಣೆಯಾಗಿ ಹೊರಬರುತ್ತದೆ. ಒಂದು ಕಿಲೋ ಹುಡಿಗೆ ನಾಲ್ಕೈದು ಕಿಲೋ ಹಸಿ ಮೀನು ಬೇಕು. ಆ ಹುಡಿ ಸಿಗಡಿಯ ಕೆರೆಗಳಿಗೆ, ಕೋಳಿ ಫಾರ್ಮುಗಳಿಗೆ ಆಹಾರ. ಬಡವನ ಮೀನು ಶ್ರೀಮಂತರ ಸಿಗಡಿಗೆ ಮೇವಾಗುವ ಈ ವ್ಯಾಪಾರದ ಕುರಿತು ಹೇಳಲು ಬಹಳವಿದೆ, ಇನ್ನೊಮ್ಮೆ ಹೇಳೋಣ.

ಹಿಂದೆ ಕರಾವಳಿಯಲ್ಲಿ ರಾಂಪಣಿ ಬಲೆಯಿತ್ತು. ಹತ್ತಾರು ಜನ ದಡದಲ್ಲಿ ನಿಂತು ಎಳೆಯುತ್ತಿದ್ದ ಭಾರೀ ಬಲೆ. ಎಳೆದವರಿಗೆಲ್ಲ ಪಾಲು ಇರುತ್ತಿತ್ತು. 1970ರ ದಶಕದ ನಡುವಿನಲ್ಲಿ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಬಂತು. ಹಿಂಡು ದಡಕ್ಕೆ ಬರುವ ಮುನ್ನವೇ ಕಡಲಿನಲ್ಲಿ ಅದನ್ನು ಸುತ್ತುಗಟ್ಟಿ ಹಿಡಿಯುವ ಬಲೆ ಅದು. ರಾಂಪಣಿ ಮೂಲೆಗೆ ಬಿತ್ತು. ಮತ್ತೊಂದೆಡೆ, ಒಮ್ಮೆ ಹೋದರೆ ಹತ್ತು ಹನ್ನೆರಡು ದಿನ ಮರಳದ ಟ್ರಾಲ್ ಬೋಟುಗಳು ಬಂದವು. ಕರಾವಳಿಯ ಯುವಕರು ಮುಂಬಯಿಗೂ ಗಲ್ಫಿಗೂ ಹೋದಂತೆ ಬೋಟಿಗೆ ಆಳುಗಳು ಸಾಲದಾದರು. ಆಂಧ್ರ, ತಮಿಳುನಾಡು, ಒಡಿಶಾ, ಜಾರ್ಖಂಡ್ ಎಂದು ಜನ ಬಂದರು. ಅವರೊಂದಿಗೆ ನಮ್ಮವರೂ ಹೋದರು.

ಈಗ ದುಡಿಮೆಯ ಕಾಲದ ಲೆಕ್ಕಕ್ಕೆ ಬರೋಣ. ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನಿನ ಸಂತಾನ ಬೆಳೆಯಲೆಂದು ಮಾಡಿದ ಕಾನೂನು ಇದು, ಒಳ್ಳೆಯದೇ. (ಪವಿತ್ರ ಕುರ್‌ಆನಿನ ಅಲ್ ಅಅ್‌ರಾಫ್ ಅಧ್ಯಾಯದಲ್ಲಿ ಕಡಲತೀರದ ಒಂದು ಊರಿನವರ ವೃತ್ತಾಂತವಿದೆ. ಹಿಡಿಯಬಾರದ ದಿನವೇ ಮೀನುಗಳು ನೀರಿನ ಮೇಲೆ ತೇಲಿಬರುತ್ತಿದ್ದವು, ಜನರು ಉಪಾಯ ಹೂಡಿ ಮಿತಿ ಮೀರಿದರು. ಮೀನಿನ ವಿಷಯದಲ್ಲಿ ಮನುಷ್ಯನ ಸಹನೆಯನ್ನು ಪರೀಕ್ಷಿಸುವುದು ಎಷ್ಟು ಹಳೆಯ ಸಂಗತಿ ನೋಡಿ.) ಆದರೆ ಆ ಎರಡು ತಿಂಗಳು ಬೋಟಿನ ಆಳಿಗೂ ಬಂದರಿನ ಕೂಲಿಗೂ ದುಡಿಮೆಯಿಲ್ಲ. ಊರಿಗೆ ಮರಳಿದರೆ ಇಲ್ಲಿ ಬಿತ್ತನೆಯ ಕಾಲ, ಭೂಮಿ ಇದ್ದವನಿಗೆ ಖರ್ಚಿನ ಕಾಲ. ಮೆಣಸಿನಕಾಯಿ ಮಾರುಕಟ್ಟೆಯ ಭರಾಟೆಯೂ ಆ ಹೊತ್ತಿಗೆ ಮುಗಿದಿರುತ್ತದೆ, ತೊಟ್ಟು ಬಿಡಿಸುವ ಹೆಂಗಸರಿಗೂ ಕೂಲಿ ಕಡಿಮೆ. ಮಕ್ಕಳ ಶಾಲೆ ಆರಂಭವಾಗುವುದೂ ಆಗಲೇ. ಪುಸ್ತಕ, ಬಟ್ಟೆ, ಸೋರುವ ಮಾಡಿಗೆ ತಗಡು, ಅಮ್ಮನ ಔಷಧಿ, ಎಲ್ಲ ಖರ್ಚೂ ಒಟ್ಟಿಗೆ ಬರುತ್ತದೆ.

ಸರಿಯಾಗಿ ಆ ಹೊತ್ತಿಗೆ ಮೇಸ್ತ್ರಿ ಬಾಗಿಲಿಗೆ ಬರುತ್ತಾನೆ. ಕೈಯಲ್ಲಿ ಮುಂಗಡವಿರುತ್ತದೆ.

ಮುಂಗಡ ಪಡೆಯುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಹಸಿದ ಮನೆಗೆ ಹಣ ಬರುವುದನ್ನು ಬೇಡವೆನ್ನಲು ನಾವು ಯಾರು? ಆದರೆ ಆ ಹಣದ ಜೊತೆಗೆ ಏನೇನು ಬರುತ್ತದೆಂದು ನೋಡಬೇಕು. ಎಷ್ಟು ತಿಂಗಳ ದುಡಿಮೆಗೆ ಎಷ್ಟು ಹಣ ಎಂಬುದು ಬಾಯಿಮಾತು. ಅಲ್ಲಿ ಹೋದ ಮೇಲೆ ಊಟದ ಖರ್ಚು, ಕೋಣೆಯ ಬಾಡಿಗೆ, ಜ್ವರ ಬಂದು ಮಲಗಿದ ದಿನಗಳ ಕಡಿತ, ಇವೆಲ್ಲ ಮೇಸ್ತ್ರಿಯ ಪುಸ್ತಕದಲ್ಲಿರುತ್ತವೆ. ಆ ಪುಸ್ತಕವನ್ನು ದುಡಿಯುವವನು ನೋಡಿರುವುದಿಲ್ಲ. ದೋಣಿಯ ಮೇಲೆ ಹೋಗುವವನಿಗೆ ಹಲವೆಡೆ ಸಂಬಳಕ್ಕಿಂತ ಪಾಲಿನ ಲೆಕ್ಕ. ಮೀನು ಮಾರಿದ ಹಣದಲ್ಲಿ ಡೀಸೆಲ್, ಮಂಜುಗಡ್ಡೆ, ಪಡಿಯ ಖರ್ಚು ಕಳೆದು ಉಳಿದುದರಲ್ಲಿ ಪಾಲು. ಭೂತಾಯಿ ಬಂದ ವರ್ಷ ಪಾಲು ಕೈತುಂಬ ಸಿಗುತ್ತದೆ. ಬಾರದ ವರ್ಷ ಡೀಸೆಲಿನ ಖರ್ಚೇ ಹುಟ್ಟುವುದಿಲ್ಲ. ಆಗ ಪಾಲು ಸೊನ್ನೆ, ಮುಂಗಡ ಮಾತ್ರ ಹಾಗೆಯೇ ಉಳಿಯುತ್ತದೆ. ಅಂದರೆ ಕಡಲಿನ ನಷ್ಟವು ದೋಣಿಯ ಮಾಲಕನಿಂದ ಇಳಿದು, ಮೇಸ್ತ್ರಿಯ ಮೂಲಕ, ಕಡಲನ್ನೇ ಕಂಡಿರದ ಒಂದು ಮನೆಯ ಮೇಲೆ ಸಾಲವಾಗಿ ಬಂದು ಕೂರುತ್ತದೆ. ಮುಂದಿನ ಆಗಸ್ಟಿನಲ್ಲಿ ಆ ಮನೆಯವನು ಬೇರೆ ಕಡೆ ದುಡಿಯಲು ಹೋಗಲಾರ. ಹಳೆಯ ಬಾಕಿ ಅವನನ್ನು ಅದೇ ದಕ್ಕೆಗೆ ಎಳೆದೊಯ್ಯುತ್ತದೆ.

ಇದು ನಮ್ಮಲ್ಲಿ ಮಾತ್ರ ಹುಟ್ಟಿದ ಕ್ರಮವಲ್ಲ. ಭೂತಾಯಿಯ ಸಂಬಂಧಿ ಹೆರಿಂಗ್ ಎಂದೆವಲ್ಲ, ಅದನ್ನು ಹಿಡಿಯುತ್ತಿದ್ದ ಸ್ಕಾಟ್ಲೆಂಡಿನಲ್ಲೂ ಇದೇ ನಡೆದಿತ್ತು. ಲೂಯಿಸ್‌ನಂಥ ಬಡ ದ್ವೀಪಗಳಿಂದ, ಗೇಲಿಕ್ ಮಾತಾಡುವ ಸಾವಿರಾರು ಹುಡುಗಿಯರು ಹೆರಿಂಗ್ ಹಿಂಡಿನ ಬೆನ್ನು ಹಿಡಿದು ಬೇಸಿಗೆಯಲ್ಲಿ ಶೆಟ್ಲೆಂಡಿನಿಂದ ಹೊರಟು ಶರತ್ಕಾಲಕ್ಕೆ ಇಂಗ್ಲೆಂಡಿನ ಯಾರ್ಮತ್ ಬಂದರಿನ ವರೆಗೆ ಹೋಗುತ್ತಿದ್ದರು. ಮೂವರದೊಂದು ತಂಡ. ಇಬ್ಬರು ಮೀನಿನ ಹೊಟ್ಟೆ ಸೀಳಿ ಶುಚಿಗೊಳಿಸುವುದು, ಒಬ್ಬಳು ಉಪ್ಪು ಹಾಕಿ ಪೀಪಾಯಿಗೆ ತುಂಬುವುದು. ಚೂರಿ ತಾಗದಿರಲೆಂದು ಬೆರಳುಗಳಿಗೆ ಬಟ್ಟೆಯ ಚೂರು ಸುತ್ತಿಕೊಳ್ಳುತ್ತಿದ್ದರು, ಆದರೂ ಗಾಯವಾಗಿ ಉಪ್ಪು ನುಗ್ಗಿ ಬೆರಳು ಹುಣ್ಣಾಗುತ್ತಿತ್ತು. ಮೀನಿಗೆ ಉಪ್ಪು ಹಾಕಿಸುವ ವ್ಯಾಪಾರಿಯು ಕೆಲಸದ ಕಾಲ ಆರಂಭವಾಗುವ ಮುನ್ನವೇ ಅವರ ಮನೆಗೆ ಮುಂಗಡ ಮುಟ್ಟಿಸುತ್ತಿದ್ದ. ಅದಕ್ಕೆ ಅವರ ಭಾಷೆಯಲ್ಲಿ ‘ಆರ್ಲ್ಸ್’ ಎಂದು ಹೆಸರು. ಅದನ್ನು ಪಡೆದವಳು ಆ ಇಡೀ ಋತು ಆ ವ್ಯಾಪಾರಿಗೆ ಬದ್ಧಳು. ನೋಡಿ, ಭಾಷೆ ಬೇರೆ, ಧರ್ಮ ಬೇರೆ, ಹವೆ ಬೇರೆ, ಕ್ರಮ ಒಂದೇ. 1936ರಲ್ಲಿ ಈ ಹೆಂಗಸರು ಕೂಲಿ ಹೆಚ್ಚಿಸಬೇಕೆಂದು ಯಾರ್ಮತ್‌ನಲ್ಲಿ ಮುಷ್ಕರ ಹೂಡಿದರು. ಊರು ಬಿಟ್ಟು ಬಂದ ಹೆಂಗಸರು ಪರವೂರಿನಲ್ಲಿ ಒಟ್ಟಾಗಿ ನಿಲ್ಲುವುದು ಸಣ್ಣ ಸಂಗತಿಯಲ್ಲ. ಮುಂದೆ ಆ ಕಡಲಿನ ಹೆರಿಂಗ್ ಕೂಡ ಮಿತಿಮೀರಿದ ಬೇಟೆಗೆ ಸಿಕ್ಕಿ ನಾಶದ ಅಂಚಿಗೆ ಬಂತು. 1977ರಲ್ಲಿ ಉತ್ತರ ಸಮುದ್ರದಲ್ಲಿ ಹೆರಿಂಗ್ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು.

ನಮ್ಮ ದೇಶದಲ್ಲಿ ಕಾನೂನು ಇಲ್ಲವೇ ಎಂದು ಕೇಳಬಹುದು. ಇದೆ. ಆದರೆ ನಮ್ಮವರು ಅದರ ಸಂದಿಯಲ್ಲಿ ಜಾರಿಹೋಗುತ್ತಾರೆ. 1979ರಲ್ಲಿ ವಲಸೆ ಕಾರ್ಮಿಕರ ಕಾಯ್ದೆ ಬಂತು. ಅದು ಅಂತರರಾಜ್ಯ ವಲಸಿಗರಿಗೆ. ಅದರ ಜಾಗಕ್ಕೆ ತಂದ 2020ರ ಸಂಹಿತೆಯೂ ವಲಸೆ ಕಾರ್ಮಿಕನೆಂದು ಗುರುತಿಸುವುದು ರಾಜ್ಯದ ಗಡಿ ದಾಟಿದವನನ್ನೇ. ಒಡಿಶಾದಿಂದ ಮಲ್ಪೆಗೆ ಬಂದವನು ವಲಸೆ ಕಾರ್ಮಿಕ. ಬ್ಯಾಡಗಿಯಿಂದ ಮಲ್ಪೆಗೆ ಹೋದವನು ಅಲ್ಲ, ಏಕೆಂದರೆ ಅವನು ಕರ್ನಾಟಕದೊಳಗೇ ಇದ್ದಾನೆ! ಸರಿ, ಮೀನುಗಾರನೆಂದಾದರೂ ಎಣಿಸುತ್ತಾರೆಯೇ? ನಿಷೇಧದ ತಿಂಗಳುಗಳಿಗಾಗಿ ಉಳಿತಾಯ ಮತ್ತು ಪರಿಹಾರ ಯೋಜನೆಯಿದೆ. ಮೀನುಗಾರನು 1,500 ರೂಪಾಯಿ ಕಟ್ಟಿದರೆ ರಾಜ್ಯ ಮತ್ತು ಕೇಂದ್ರ ಸೇರಿ 3,000 ಸೇರಿಸಿ ಒಟ್ಟು 4,500 ರೂಪಾಯಿ ಕೊಡುತ್ತವೆ. ಆದರೆ ಅದು ಕರಾವಳಿಯ ಮೀನುಗಾರರ ಸಹಕಾರ ಸಂಘಗಳ ಸದಸ್ಯರಿಗೆ. ನಮ್ಮೂರಿನ ಬುಟ್ಟಿ ಹೊರುವವನು ಯಾವ ಸಂಘದ ಸದಸ್ಯ? ಸಾಗರ ಮೀನುಗಾರಿಕಾ ಗಣತಿಯವರು ಎಣಿಸುವುದು ಕರಾವಳಿಯ ಮೀನುಗಾರ ಹಳ್ಳಿಗಳ ಮನೆಗಳನ್ನು. ಇಲ್ಲಿಗೆ ಅವರು ಬರುವುದಿಲ್ಲ. ಹೀಗೆ ಅವನು ವಲಸಿಗನೂ ಅಲ್ಲ, ಮೀನುಗಾರನೂ ಅಲ್ಲ. ಊರಿನ ಮತದಾರರ ಪಟ್ಟಿಯಲ್ಲಿ ಮಾತ್ರ ಹೆಸರಿರುತ್ತದೆ. ಮತದಾನ ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಬಂದರೆ ಆಗಲೂ ಅವನು ಊರಿನಲ್ಲಿರುವುದಿಲ್ಲ. ರಾಜಕಾರಣಿಗಳಿಗೆ ಅವನ ನೆನಪಾಗದಿರುವುದರಲ್ಲಿ ಆಶ್ಚರ್ಯವೇನು?

ಯಾರ ಲೆಕ್ಕದಲ್ಲೂ ಇಲ್ಲದವನ ಜೀವ ಅಗ್ಗವಾಗುತ್ತದೆ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ತ್ಯಾಜ್ಯದ ತೊಟ್ಟಿಗೆ ಒಬ್ಬ ಕಾರ್ಮಿಕ ಇಳಿದ. ವಿಷಗಾಳಿಗೆ ಸಿಕ್ಕಿದ ಅವನನ್ನು ಉಳಿಸಲು ಇತರರು ಹೋದರು. ಐವರು ಸತ್ತರು. ಐವರೂ ಪಶ್ಚಿಮ ಬಂಗಾಳದಿಂದ ಬಂದವರು. ಅದು ರಮಝಾನ್ ತಿಂಗಳು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಜನರೊಂದಿಗೆ ಕಾಣೆಯಾಯಿತು. ಅದರಲ್ಲಿ ಐವರು ಉತ್ತರ ಕನ್ನಡದವರು, ಇಬ್ಬರು ಉಡುಪಿಯವರು. ಮೀನುಗಾರರು ಬೀದಿಗಿಳಿದರು, ಹೆದ್ದಾರಿ ತಡೆದರು. 2019ರ ಮೇ ತಿಂಗಳಲ್ಲಿ ನೌಕಾಪಡೆಯು ಮಹಾರಾಷ್ಟ್ರದ ಮಾಲ್ವಣದ ಬಳಿ ಬೋಟಿನ ಅವಶೇಷವನ್ನು ಪತ್ತೆ ಹಚ್ಚಿತು. ಅವರ ಪರ ಎದ್ದು ನಿಲ್ಲಲು ಅಲ್ಲಿ ಒಂದು ಸಮುದಾಯವಿತ್ತು. ನಮ್ಮ ಬಯಲುಸೀಮೆಯ ಆಳೊಬ್ಬ ಕಡಲಿಗೆ ಬಿದ್ದರೆ ಅಲ್ಲಿ ಅವನಿಗಾಗಿ ಬೀದಿಗಿಳಿಯುವವರು ಯಾರು? ಅವನು ಯಾವ ಬೋಟಿನಲ್ಲಿದ್ದಾನೆಂಬುದು ಮನೆಯವರಿಗೂ ತಿಳಿದಿರುವುದಿಲ್ಲ.

2025ರ ಮಾರ್ಚ್‌ನಲ್ಲಿ ಮಲ್ಪೆ ಬಂದರಿನಲ್ಲಿ ನಡೆದುದನ್ನು ನೀವೆಲ್ಲ ಮೊಬೈಲಿನಲ್ಲಿ ನೋಡಿದ್ದೀರಿ. ಮೀನು ಕದ್ದಳೆಂಬ ಆರೋಪ ಹೊರಿಸಿ, ಹೊರಗಿನಿಂದ ದುಡಿಯಲು ಬಂದ ದಲಿತ ಮಹಿಳೆಯೊಬ್ಬಳನ್ನು ಮರಕ್ಕೆ ಕಟ್ಟಿ ಹೊಡೆದರು. ಸುತ್ತ ನಿಂತವರು ನೋಡಿದರು, ಚಿತ್ರ ತೆಗೆದರು. ಕಳ್ಳತನವಾಗಿದ್ದರೆ ಪೊಲೀಸ್ ಠಾಣೆಯಿತ್ತು. ಆಕೆ ಮುಸ್ಲಿಮಳಲ್ಲ, ನಮಗೇಕೆ ಎಂದು ಯಾರಾದರೂ ಯೋಚಿಸಿದ್ದರೆ ಅಂಥವರ ಜೊತೆ ನಮಗೆ ವಾದವಿಲ್ಲ, ದುಃಖವಿದೆ. ಅದೇ ಬಂದರಿನ ಅದೇ ಸಾಲಿನಲ್ಲಿ ನಮ್ಮ ಸಹೋದರಿಯರೂ ಬುಟ್ಟಿ ಹಿಡಿದು ನಿಲ್ಲುತ್ತಾರೆ.

ದೋಣಿ ಮಾಲಕರ ದೂರನ್ನೂ ಹೇಳಬೇಕು, ಇಲ್ಲವಾದರೆ ನ್ಯಾಯವಾಗದು. ಮುಂಗಡ ಪಡೆದು ಬಾರದವರಿದ್ದಾರೆ. ಒಬ್ಬರಿಂದ ಪಡೆದು ಇನ್ನೊಬ್ಬರ ಬೋಟು ಹತ್ತುವವರಿದ್ದಾರೆ. ಬೋಟಿನ ಮಾಲಕನೂ ಬ್ಯಾಂಕಿನ ಸಾಲದಲ್ಲಿ ಮುಳುಗಿರುತ್ತಾನೆ. ಕೊಟ್ಟ ಮಾತು ಮುರಿಯುವುದು ಬಡವನಿಗೂ ಹಲಾಲ್ ಅಲ್ಲ. ಹಾಗೆಯೇ ದಕ್ಕೆಯಲ್ಲಿ ಮೀನಿನ ವ್ಯಾಪಾರ ಮಾಡುವ ನಮ್ಮ ಸಮುದಾಯದ ಸ್ಥಿತಿವಂತರಿಗೂ ಒಂದು ಮಾತು. ಬೆವರಾರುವ ಮುನ್ನ ಕೂಲಿ ಕೊಡುವುದರ ಕುರಿತ ಪ್ರವಾದಿ(ಸ)ರ ಆದೇಶ ನಮ್ಮ ವೇದಿಕೆಗಳಲ್ಲಿ ಬಹಳ ಕೇಳಿಬರುತ್ತದೆ. ಹರಾಜು ಮುಗಿದ ಮೇಲೆ, ಬೆವರಾರಿ ಎಷ್ಟು ವಾರವಾಯಿತೆಂದು ಕೂಲಿಯವನನ್ನೇ ಕೇಳಿ ನೋಡಿ.

ಎರಡೂ ಕಡೆಯ ಈ ದೂರುಗಳ ಮೂಲ ಒಂದೇ. ಲೆಕ್ಕ ಬರೆದಿಲ್ಲ. ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದರ ಕುರಿತು ಎಂದು ಮದ್ರಸದ ಮಕ್ಕಳನ್ನು ಕೇಳಿ. ನಮಾಝಿನ ಕುರಿತಲ್ಲ, ಉಪವಾಸದ ಕುರಿತಲ್ಲ, ಸಾಲವನ್ನು ಬರೆದಿಡುವುದರ ಕುರಿತು. ಅಲ್ ಬಕರ ಅಧ್ಯಾಯದ 282ನೆಯ ಸೂಕ್ತ. ಅದರಲ್ಲಿ ನಾವು ಓದಿ ದಾಟಿಹೋಗುವ ಒಂದು ಅಂಶವಿದೆ. ಲೆಕ್ಕವನ್ನು ಹೇಳಿ ಬರೆಸಬೇಕಾದವನು ಸಾಲ ಕೊಟ್ಟವನಲ್ಲ, ಪಡೆದವನು. ಅವನು ಹೇಳಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದೆಂದು ಉದಾಸೀನ ಮಾಡಬಾರದು. ನಮ್ಮಲ್ಲಿ ನಡೆಯುವುದು ನೇರ ತಿರುಗಾಮುರುಗಾ. ಕೊಟ್ಟವನು ಬರೆದುಕೊಳ್ಳುತ್ತಾನೆ, ಪಡೆದವನು ಹೆಬ್ಬೆಟ್ಟು ಒತ್ತುತ್ತಾನೆ. ಅದಕ್ಕೆ ಎರಡು ಸೂಕ್ತಗಳ ಹಿಂದೆಯೇ, ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವ ತನಕ ಕಾಲಾವಕಾಶ ಕೊಡಬೇಕೆಂಬ ಆದೇಶವೂ ಇದೆ. ಮೀನು ಬಾರದ ವರ್ಷಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕೇ?

ದೇಶದ ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಮುಂಗಡದ ಬಲದಿಂದ ಒಬ್ಬನ ಓಡಾಟದ, ಬೇರೆ ಕೆಲಸ ಹಿಡಿಯುವ ಸ್ವಾತಂತ್ರ್ಯ ಕಸಿದರೆ ಅದು ಜೀತ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಯ ಕಾರ್ಮಿಕರ ಮೊಕದ್ದಮೆಯಲ್ಲಿ ಹೇಳಿದೆ. ಆದರೆ ಜಿಲ್ಲಾಧಿಕಾರಿಯ ಮುಂದೆ ಹೋದಾಗ ತೋರಿಸಲು ಒಂದು ಚೀಟಿಯಾದರೂ ಬೇಕಲ್ಲ!

ಆದ್ದರಿಂದ ನಮ್ಮ ಕೋರಿಕೆ ಬಹಳ ದೊಡ್ಡದೇನಲ್ಲ. ಮಸ್ಜಿದಿನಲ್ಲಿ ಒಂದು ರಿಜಿಸ್ಟರ್ ಇರಲಿ. ಹೋಗುವವನ ಹೆಸರು, ಯಾವ ಬಂದರು, ಯಾವ ಬೋಟು ಅಥವಾ ಯಾವ ಮೇಸ್ತ್ರಿ, ಅವನ ಫೋನ್ ನಂಬರು, ಪಡೆದ ಮುಂಗಡ, ಎಷ್ಟು ತಿಂಗಳ ಕರಾರು, ಎಲ್ಲವನ್ನೂ ಹೋಗುವವನೇ ಹೇಳಿ ಬರೆಸಲಿ. ಎರಡು ಪ್ರತಿ ಮಾಡಿ ಒಂದನ್ನು ಮೇಸ್ತ್ರಿಗೆ ಕೊಡಿ, ಅವನ ಸಹಿಯನ್ನೂ ಪಡೆಯಿರಿ. ಪ್ರಾಮಾಣಿಕ ಮೇಸ್ತ್ರಿಗೆ ಇದರಿಂದ ನಷ್ಟವಿಲ್ಲ, ಮುಂಗಡ ಪಡೆದು ಓಡಿಹೋಗುವವರಿಂದ ಅವನಿಗೂ ರಕ್ಷಣೆ. ನೆರೆಮನೆಯ ಹಿಂದೂ ಸಹೋದರರು ಬರೆಸುವುದಾದರೆ ಅವರ ಹೆಸರನ್ನೂ ಬರೆಯಿರಿ. ಅವರು ಮಸ್ಜಿದಿಗೆ ಬರಲು ಹಿಂಜರಿದರೆ ಪಂಚಾಯತಿ ಕಟ್ಟಡದಲ್ಲಿ ಕುಳಿತು ಬರೆಯಿರಿ. ಇ-ಶ್ರಮ್ ನೋಂದಣಿ ಇಲ್ಲದವರಿಗೆ ಮಾಡಿಸಿಕೊಡಿ. ಪಡಿತರ ಚೀಟಿಯಿಂದ ಅಲ್ಲಿಯೂ ಅಕ್ಕಿ ಪಡೆಯಬಹುದೆಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ, ತಿಳಿಸಿ. ಮಕ್ಕಳನ್ನು ಜೊತೆಗೆ ಕರೆದೊಯ್ದು ಶಾಲೆ ತಪ್ಪಿಸುವವರಿಗೆ ಒಂದು ಮಾತು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಲಸೆ ಹೋಗುವವರ ಮಕ್ಕಳಿಗೆ ಋತುಮಾನ ವಸತಿನಿಲಯದ ಅವಕಾಶವಿದೆ. ಬ್ಯಾಡಗಿಯ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ನಾಲ್ಕು ಜನ ಹೋಗಿ ಅರ್ಜಿ ಕೊಡಬೇಕು. ಅರ್ಜಿಯಿಲ್ಲದೆ ಯಾವ ನಿಲಯವೂ ತೆರೆಯುವುದಿಲ್ಲ.

ಕೊನೆಯದಾಗಿ ಹಣದ ಮಾತು. ರಮಝಾನಿನಲ್ಲಿ ಮನೆಬಾಗಿಲಿಗೆ ಬಂದವರಿಗೆ ಐವತ್ತು, ನೂರರಂತೆ ಝಕಾತ್ ಹಂಚಿ ನಾವು ನಿರಾಳರಾಗುತ್ತೇವೆ. ಝಕಾತಿನ ಎಂಟು ಹಕ್ಕುದಾರರಲ್ಲಿ ಸಾಲಗಾರನೂ ಇದ್ದಾನೆ, ಬಂಧನದಲ್ಲಿರುವವನ ಬಿಡುಗಡೆಯೂ ಇದೆ. ಗುಲಾಮರಿಲ್ಲದ ಕಾಲದಲ್ಲಿ ಆ ಪಾಲು ಯಾರಿಗೆ ಎಂದು ಮದ್ರಸದಲ್ಲಿ ಓದುವಾಗ ನಾವು ಉಸ್ತಾದರನ್ನು ಕೇಳುತ್ತಿದ್ದೆವು. ಹಳೆಯ ಮುಂಗಡ ತೀರಿಸಲಾಗದೆ ವರ್ಷವರ್ಷ ಅದೇ ದಕ್ಕೆಗೆ ಮರಳುವವನನ್ನು ನೋಡಿದ ಮೇಲೆ ಆ ಪ್ರಶ್ನೆ ನಮ್ಮಲ್ಲಿ ಉಳಿದಿಲ್ಲ. ಜೂನ್, ಜುಲೈ ತಿಂಗಳಿಗೆಂದೇ ಒಂದು ಬಡ್ಡಿರಹಿತ ನಿಧಿ ಕಟ್ಟಿದರೆ, ಬಿತ್ತನೆಗೂ ಮಕ್ಕಳ ಪುಸ್ತಕಕ್ಕೂ ಐದೋ ಹತ್ತೋ ಸಾವಿರ ಇಲ್ಲಿಯೇ ಸಿಗುವಂತಾದರೆ, ಮೇಸ್ತ್ರಿ ಬಾಗಿಲಿಗೆ ಬಂದಾಗ ನಮ್ಮವನು ದರ ಕೇಳಿ, ಯೋಚಿಸಿ, ಬೇಡವೆನ್ನಬಲ್ಲ. ಒಂದು ಮದುವೆಯ ದಾವತಿನ ಖರ್ಚಿನಲ್ಲಿ ಇಂಥ ಹತ್ತು ಮನೆಗಳು ಆ ಎರಡು ತಿಂಗಳು ದಾಟಬಲ್ಲವು.

ಆಗಸ್ಟ್ 1ಕ್ಕೆ ದೋಣಿಗಳು ಕಡಲಿಗಿಳಿಯುತ್ತವೆ, ಅದಕ್ಕೂ ಮೊದಲೇ ಇಲ್ಲಿಂದ ಗಾಡಿಗಳು ಹೊರಡುತ್ತವೆ. ಇಂದು ಇಶಾ ನಮಾಝಿನ ನಂತರವೇ ರಿಜಿಸ್ಟರ್ ತೆರೆಯಲು ಕಮಿಟಿಯವರು ಒಪ್ಪಿದ್ದಾರೆ. ಹೋಗುವವರು ಆಧಾರ್ ಮತ್ತು ಪಡಿತರ ಚೀಟಿಯ ಪ್ರತಿ ತನ್ನಿರಿ. ಮನೆಯ ಹೆಂಗಸರ ಫೋನ್ ನಂಬರನ್ನೂ ಬರೆಸಿರಿ. ಹಳೆಯ ಬಾಕಿಯಿದ್ದವರು ಅದರ ಚೀಟಿ ತನ್ನಿರಿ. ಚೀಟಿ ಇಲ್ಲದವರು ನೆನಪಿನಲ್ಲಿರುವ ಲೆಕ್ಕವನ್ನು ಹೇಳಿರಿ, ಅದನ್ನೂ ಬರೆದುಕೊಳ್ಳುತ್ತೇವೆ.